ಅತ್ತೆ ಎದ್ದ ಸುದ್ದಿ

ನನ್ನ ಓರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇಕೆ? ಮೊಣಕಾಲಿನ ಆಪರೇಷನ್ ಆದ ಮೇಲೆ ಅತ್ತೆ ಒಬ್ಬರೇ ಮಂಚ ಇಳಿಯುವಂತಿಲ್ಲ. ಮಧ್ಯಾಹ್ನದ ನಿದ್ದೆ ಮುಗಿಸಿ ಏಳುವಾಗ ಯಾರಾದರೂ ತೋಳು ಹಿಡಿಯಬೇಕು. ಹಿಡಿಯುವ ಕೈ ದಿನಾ ಅವಳದೇ, ನಾನು ಬಾಯಿತುಂಬ ಅಕ್ಕ ಎಂದು ಕರೆಯುವ ಅವಳದು. ನಾನು ಹೊಲಿಗೆ ಮೆಷಿನ್ ಬಿಟ್ಟು ಓಡಿಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. "ದೊಡ್ಡವಳು ಇಲ್ದಿದ್ರೆ ನನ್ನ ಗತಿ ಏನು?" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಪಕ್ಕದಲ್ಲೇ ನಿಂತ ನಾನೇನು ಗೋಡೆಗೆ ಹೊಡೆದ ಮೊಳೆಯೇ?

ನಮ್ಮ ಭಾವ ಮಂಚದ ಕಾಲಿಗೆ ಬೆಂಕಿಪೊಟ್ಟಣದಷ್ಟು ಚಿಕ್ಕ ಸೆನ್ಸರ್ ಹಾಕಿಸಿದರು. ಅತ್ತೆ ಕಾಲು ಕೆಳಗಿಟ್ಟರೆ ನಮ್ಮಿಬ್ಬರ ಫೋನಿಗೂ ಸುದ್ದಿ ಬರುತ್ತದೆ. ಒಂದು ಬ್ಯಾಟರಿ ಎರಡು ವರ್ಷ ಬಾಳುತ್ತದೆ ಎಂದಿದ್ದರು. ಸರಿ, ಇನ್ನು ಸಮಬಲದ ಆಟ ಎಂದುಕೊಂಡೆ. ಆದರೂ ಅವಳೇ ಮೊದಲು! ಅವಳ ಫೋನಿಗೆ ಬೇಗ ಬರುತ್ತಿದೆ ಎಂದು ನನಗೆ ಗುಮಾನಿ. ಫೋನಿನಲ್ಲಿ ಸೆನ್ಸರಿನ ಆ್ಯಪ್ ಕೆದಕಿದೆ. 'ವರದಿ: ಗಂಟೆಗೊಮ್ಮೆ' ಎಂದಿತ್ತು. ಅದನ್ನು ಐದು ಸೆಕೆಂಡಿಗೊಮ್ಮೆ ಎಂದು ಬದಲಿಸಿ, ಬಾಯಿ ಹೊಲಿದುಕೊಂಡು ಕೂತೆ.

ಮೂರು ವಾರಕ್ಕೆ ಬ್ಯಾಟರಿ ಸತ್ತಿತು. ಹೊಸದು ಹಾಕಿದರು, ಅದೂ ಸತ್ತಿತು. ಮೂರನೆಯದೂ ಸತ್ತಾಗ ಭಾವ ಅಂಗಡಿಯವರಿಗೆ ಬೈದು, ಸೆನ್ಸರ್ ಜೋಡಿಸಿದ್ದ ಹುಡುಗಿಯನ್ನೇ ಕರೆಸಿದರು.

ಅವಳು ತನ್ನ ಫೋನಿನಲ್ಲಿ ನೋಡಿ ಹಣೆ ಚಚ್ಚಿಕೊಂಡಳು. "ಇದನ್ನ ನಿದ್ದೆ ಮಾಡೋಕೇ ಬಿಟ್ಟಿಲ್ವಲ್ಲ ನೀವು! ಐದು ಸೆಕೆಂಡಿಗೊಂದು ಸಲ 'ಇದ್ದೀನಿ, ಇದ್ದೀನಿ' ಅಂತ ಕೂಗ್ತಾ ಇದೆ. ಅಜ್ಜಿ ಕಾಲಿಟ್ರೆ ಹೇಗಿದ್ರೂ ತಕ್ಷಣ ಹೇಳುತ್ತೆ. ಮಿಕ್ಕ ಹೊತ್ತು ಸುಮ್ನೆ ಮಲಗಿದ್ರೇ ಬ್ಯಾಟರಿ ಉಳಿಯೋದು. ಯಾರು ಹೀಗೆ ಮಾಡಿದ್ದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಫೋನನ್ನು ಸೆರಗಿನೊಳಗೆ ಸೇರಿಸಿತು. ಅಕ್ಕ ಅದನ್ನು ನೋಡಿದಳು.

"ನಾನೇ ಏನೋ ಒತ್ತಿರ್ಬೇಕು," ಎಂದಳು ಥಟ್ಟನೆ.

ತಪ್ಪು ಹೊರುವುದರಲ್ಲೂ ನನಗಿಂತ ಮುಂದೆ! ನನಗೆ ಮೈಯೆಲ್ಲ ಉರಿಯಿತು.

ಹುಡುಗಿ ಅಕ್ಕನ ಫೋನ್ ಇಸಿದುಕೊಂಡು ನೋಡಿದಳು. "ನಿಮ್ಮದ್ರಲ್ಲಿ ಸುದ್ದಿ ಬರೋದೇ ಬಂದ್ ಆಗಿದೆಯಲ್ಲ ಅಕ್ಕ! ಮೊದಲ ದಿನದಿಂದ್ಲೂ."

ಹುಡುಗಿ ಮತ್ತೆ ಗಂಟೆಗೊಮ್ಮೆ ಎಂದು ಮಾಡಿ, ಹೊಸ ಬ್ಯಾಟರಿ ಹಾಕಿ ಹೋದ ಮೇಲೆ ಅಡುಗೆಮನೆಯಲ್ಲಿ ಅಕ್ಕನನ್ನು ಹಿಡಿದು ಕೇಳಿಯೇಬಿಟ್ಟೆ. "ಮತ್ತೆ ನಿಮಗೆ ಹೇಗೆ ಗೊತ್ತಾಗುತ್ತೆ?"

"ಅಯ್ಯೋ, ಅದೇನು ಮಹಾ? ಏಳೋಕೆ ಮುಂಚೆ ಎರಡು ಸಲ ಕೆಮ್ಮುತ್ತಾರೆ. ಆಮೇಲೆ ಕನ್ನಡಕದ ಡಬ್ಬಿ ಟಕ್ ಅನ್ನುತ್ತೆ. ಕಾಲು ಕೆಳಗಿಡೋದು ಅದಾದ್ಮೇಲೇ ಕಣೇ. ನಿನ್ನ ಮೆಷಿನ್ ಸದ್ದಲ್ಲಿ ನಿಂಗೆ ಕೇಳಿಸಲ್ಲ ಅಷ್ಟೆ."

ಹನ್ನೆರಡು ವರ್ಷ ಒಂದೇ ಸೂರಿನಡಿ ಇದ್ದೇನೆ. ಆ ಡಬ್ಬಿಯ ಸದ್ದು ನನಗೆ ಗೊತ್ತೇ ಇರಲಿಲ್ಲ. ಫೋನಿನಿಂದ ಗೆದ್ದಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ, ಕಿವಿಯಿಂದ ಗೆದ್ದಿದ್ದಳು.

ಮರುದಿನ ಮಧ್ಯಾಹ್ನ ಮೆಷಿನ್ ನಿಲ್ಲಿಸಿದೆ. ಒಂದು ಶಾಲೆಯ ಇಪ್ಪತ್ತು ಅಂಗಿಗಳಿಗೆ ಕಾಲರ್ ಕೂರಿಸುವುದು ಬಾಕಿ ಇತ್ತು, ಇರಲಿ ಎಂದು ಬಿಟ್ಟೆ. ಸೂಜಿಗೆ ದಾರ ಪೋಣಿಸುವವಳಂತೆ ಉಸಿರು ಬಿಗಿಹಿಡಿದು ಕೂತೆ. ಒಂದು ಕೆಮ್ಮು. ಇನ್ನೊಂದು. ಟಕ್.

ಓಡಿದೆ. ಅತ್ತೆ ಇನ್ನೂ ಮಂಚದ ಮೇಲೇ ಇದ್ದರು! ತೋಳು ಹಿಡಿದೆ. ಅವರು ಮೆಲ್ಲಗೆ ಕಾಲು ಕೆಳಗಿಟ್ಟರು. ಆಗ ನನ್ನ ಫೋನ್ ಕಿಣಿಕಿಣಿ ಎಂದಿತು. ಸೆನ್ಸರನ್ನೂ ಹಿಂದೆ ಹಾಕಿದ್ದೆ.

ಅತ್ತೆ ಕನ್ನಡಕದೊಳಗಿಂದ ನನ್ನ ಮುಖವನ್ನೇ ನೋಡಿದರು. ಹೊಗಳಿಕೆಯ ಒಂದು ಮಾತಿಗೆ ಕಾದೆ.

"ನೀನಾ? ಯಾಕೆ, ದೊಡ್ಡವಳಿಗೆ ಹುಷಾರಿಲ್ವಾ?"

"ಹುಷಾರಾಗೇ ಇದ್ದಾರೆ ಅತ್ತೆ," ಎಂದೆ.

ಬಾಗಿಲಲ್ಲಿ ಅಕ್ಕ ಬಂದು ನಿಂತಿದ್ದಳು. ಅತ್ತೆಯ ಇನ್ನೊಂದು ಕೈ ಆಗಲೇ ಅವಳ ಕಡೆ ಚಾಚಿತ್ತು. ನಾನು ಹಿಡಿದ ತೋಳನ್ನು ಬಿಡಲಿಲ್ಲ.