ಇಪ್ಪತ್ತು ಲೀಟರ್ ತೆಂಗಿನ ಹಾಲು

ಮಗಳು ರೋಶ್ನಿಯ ಮದುವೆಗೆ ಇನ್ನೊಂದೇ ದಿನ. ಮಲೇಷ್ಯಾದ ನಿಲಾಯ್ ಊರಿನ ಮನೆಯಲ್ಲಿ ಅಲ್ಬಿನಾಳಿಗೆ ಒಂದೇ ಚಿಂತೆ. ಸಂಜೆಯ ರೋಸ್ ಶಾಸ್ತ್ರದಲ್ಲಿ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಹರಸಲು ಮನೆ ತುಂಬ ಜನ ಬೇಕು. ಬಂಧುಗಳೆಲ್ಲ ಮಂಗಳೂರಿನಲ್ಲಿ. ಇಲ್ಲಿ ಗಂಡ ಡೆಸ್ಮಂಡ್, ತಾನು, ಚರ್ಚಿನ ನಾಲ್ಕು ಮಂದಿ. ನಮ್ಮ ಶಾಸ್ತ್ರ ಅವರಿಗೇಕೆ ಎಂಬ ಸಂಕೋಚದಲ್ಲಿ ಅಕ್ಕಪಕ್ಕದವರನ್ನು ಕರೆದಿರಲಿಲ್ಲ.

ಅಷ್ಟರಲ್ಲಿ ಅಂಗಡಿಯ ವ್ಯಾನು ಬಂತು. ದೊಡ್ಡ ದೊಡ್ಡ ಕ್ಯಾನುಗಳು ಇಳಿದವು.

"ಇದೇನು ಮಾರಾಯ್ರೆ? ಎರಡು ಸಾವಿರ ಮಿಲಿಲೀಟರ್ ಅಂದಿದ್ದೆನಲ್ಲ!" ಅಲ್ಬಿನಾ ಗಂಡನತ್ತ ತಿರುಗಿದಳು.

"ಅಂಗಡಿಯವ ಲೀಟರ್‌ನಲ್ಲಿ ಹೇಳಿ ಅಂದ. ನೂರರಿಂದ ಭಾಗಿಸಿದೆ, ಇಪ್ಪತ್ತು ಬಂತು."

"ನೂರರಿಂದ ಯಾಕೆ?"

"ಇಲ್ಲಿಯ ದುಡ್ಡಿನಲ್ಲಿ ನೂರು ಸೆನ್‌ಗೆ ಒಂದು ರಿಂಗಿಟ್ ಅಲ್ವಾ..." ಆಯುಷ್ಯವೆಲ್ಲ ಅಕೌಂಟ್ಸ್ ನೋಡಿದ ಡೆಸ್ಮಂಡ್ ನಾಲಗೆ ಕಚ್ಚಿಕೊಂಡ.

"ಲೀಟರಿಗೆ ಸಾವಿರ ಮಿಲಿ! ಎರಡು ಲೀಟರ್ ಸಾಕಿತ್ತು. ಇದರಲ್ಲಿ ಮಗಳಿಗೆ ಈಜು ಕಲಿಸಬಹುದು."

"ಡ್ಯಾಡ್, ಯು ಆರ್ ಟೂ ಮಚ್ ಲಾ!" ರೋಶ್ನಿ ಬಿದ್ದು ಬಿದ್ದು ನಕ್ಕಳು.

ಈ ಸೆಕೆಗೆ ಹಾಲು ಸಂಜೆಯೊಳಗೆ ಹುಳಿಯುತ್ತದೆ. ಚೆಲ್ಲಲು ಅಲ್ಬಿನಾಳಿಗೆ ಮನಸ್ಸಿಲ್ಲ. ಶಾಸ್ತ್ರಕ್ಕೆಂದು ಎರಡು ಲೀಟರ್ ಐಸಿನ ಮೇಲಿಟ್ಟು, ಉಳಿದದ್ದನ್ನು ಹಂಚಲು ಹೊರಟಳು. ಮೊದಲು ಪಕ್ಕದ ಮನೆಯ ಭಟ್ಕಳದ ನಫೀಸಾ. ಡೆಸ್ಮಂಡನ ಲೆಕ್ಕ ಕೇಳಿ ಅವಳಿಗೂ ನಗು ತಡೆಯಲಿಲ್ಲ.

"ನಾಲ್ಕು ಲೀಟರ್ ನನಗಿರಲಿ. ಆದ್ರೆ ಅಲ್ಬಿನಕ್ಕಾ, ಮಗಳ ಶಾಸ್ತ್ರಕ್ಕೆ ನಮ್ಮನ್ನ ಕರೀಬಾರದಾ?"

"ಬರ್ತೀರಾ?"

"ಪಾತ್ರೆ ವಾಪಸ್ ಕೊಡೋಕಾದ್ರೂ ಬರ್ಬೇಕಲ್ಲ!"

ಆಮೇಲೆ ಅಲ್ಬಿನಾ ಪ್ರತಿ ಬಾಗಿಲಲ್ಲೂ ಹಾಲಿನ ಜೊತೆಗೆ ಕರೆಯನ್ನೂ ಕೊಟ್ಟಳು.

ಸಂಜೆ ಒಂದು ಪಾತ್ರೆಯೂ ಖಾಲಿ ಬರಲಿಲ್ಲ. ನಫೀಸಾಳ ಪಾಯಸ, ಎದುರುಮನೆಯ ಮೈಸೂರಿನ ಚಾಮುಂಡಿಯ ಕಾಯಿಹಾಲು, ಮೂಲೆಮನೆಯ ಮಲಯ್ ದಂಪತಿಯ ನಾಸಿ ಲೆಮಾಕ್, ಅಂದರೆ ತೆಂಗಿನ ಹಾಲಿನಲ್ಲೇ ಬೆಂದ ಅನ್ನ. ರೋಶ್ನಿಗೆ ಹಾಲು ಹಚ್ಚಲು ನಿಂತವರ ಸಾಲು ಗೇಟು ದಾಟಿತು. ಅಲ್ಬಿನಾ ಕಣ್ಣೊರೆಸಿಕೊಂಡು ನೋಡುತ್ತಾಳೆ, ಬಟ್ಟಲಿನ ತಳ ಕಾಣುತ್ತಿದೆ! ಸಾಲಿನಲ್ಲಿ ಇನ್ನೂ ಜನರಿದ್ದಾರೆ.

"ನೋಡಿದ್ಯಾ? ನನ್ನ ಲೆಕ್ಕವೇ ಸರಿ," ಡೆಸ್ಮಂಡ್ ಎದೆಯುಬ್ಬಿಸಿದ.

ನಫೀಸಾ ಮನೆಗೆ ಓಡಿ, ತಣ್ಣನೆಯ ಬಾಟಲಿಯೊಂದನ್ನು ತಂದಳು.

"ಬೇಕಾದೀತು ಅಂತ ಐನೂರು ಮಿಲಿ ಫ್ರಿಜ್‌ನಲ್ಲಿ ಎತ್ತಿಟ್ಟಿದ್ದೆ. ಅರ್ಧ ಲೀಟರ್, ಡೆಸ್ಮಂಡಣ್ಣ. ಐದು ಲೀಟರ್ ಅಲ್ಲ!"