ಪರೀಕ್ಷೆ ಬೇಡದ ಸೀಟು

"ನಹೀ ಸಾಬ್, ನೌಕರಿ ವೌಕರಿ ಕುಛ್ ನಹೀ. ಘರ್ ಕೀ ಲಡ್ಕೀ ಹೈ," ಎಂದು ಶೇಖರ ಶೆಟ್ಟರು ಫೋನಿನಲ್ಲಿ ನಗುತ್ತ ಹೇಳಿದ್ದು ಕಿವಿಗೆ ಬಿದ್ದಾಗ ಮೋಹಿನಿ ಗಿರಾಕಿಯೊಬ್ಬನಿಗೆ ಚಿಲ್ಲರೆ ಕೊಡುತ್ತಿದ್ದಳು. ಕೈ ಅಲ್ಲೇ ನಿಂತಿತು. ಗಿರಾಕಿ ತಾನೇ ಅವಳ ಅಂಗೈಯಿಂದ ನಾಣ್ಯ ಆರಿಸಿಕೊಂಡು ಹೋದ. ಬೆಳಗಿನ ಇಡ್ಲಿ-ವಡೆಯ ಗದ್ದಲ ಮುಗಿದು ಊಟದವರು ಬರುವುದಕ್ಕೆ ಇನ್ನೂ ಹೊತ್ತಿತ್ತು. ಸಯನ್ ಸ್ಟೇಷನ್ನಿನ ಕಡೆಯ ಆ ಹೋಟೆಲಿನಲ್ಲಿ ಮಾತು ಸ್ಪಷ್ಟವಾಗಿ ಕೇಳುವ ಹೊತ್ತು ಅದೊಂದೇ, ಕೇಳಬಾರದ್ದೂ ಆಗಲೇ ಕೇಳಿತು.

ಶೆಟ್ಟರು ಫೋನು ಇಟ್ಟು, ಏನೋ ಒಳ್ಳೆಯ ಕೆಲಸ ಮುಗಿಸಿದವರಂತೆ ಕನ್ನಡಕ ಒರೆಸಿಕೊಂಡರು.

"ಮಾವ, ಅದು ಕಾಲೇಜಿನವರ ಫೋನ್ ಅಲ್ವಾ?"

"ಹೌದು ಮಾರಾಯ್ತಿ. ಎಂತೆಂತದೋ ಕೇಳಿದ. ನೀನು ನಮ್ಮಲ್ಲಿ ಕೆಲಸಕ್ಕಿದ್ದೀಯಾ, ಸಂಬಳ ಎಷ್ಟು, ಕೈಕೆಳಗೆ ಎಷ್ಟು ಜನ ಅಂತ. ನಾನು ಸರಿಯಾಗಿ ಹೇಳಿದೆ."

"ಎಂತ ಹೇಳಿದ್ರಿ?"

"ನನ್ನ ಅಕ್ಕನ ಮಗಳು, ಮನೇಲಿ ಬೇಸರ ಆದ್ರೆ ಬಂದು ಗಲ್ಲಾದಲ್ಲಿ ಕೂತ್ಕೊಳ್ತಾಳೆ, ನಮ್ಮ ಹೆಣ್ಣುಮಕ್ಕಳಿಗೆ ಸಂಬಳಕ್ಕೆ ದುಡಿಯುವ ಗತಿ ಬಂದಿಲ್ಲ ಅಂತ. ಅವನಿಗೂ ಗೊತ್ತಾಗ್ಬೇಕಲ್ಲ, ಎಂಥ ಮನೆಯವಳು ಅಂತ."

ಶೆಟ್ಟರ ತಪ್ಪೂ ಅಲ್ಲ ಎನ್ನಿ. ಅವರ ಲೋಕದಲ್ಲಿ ಗುರುತಿಲ್ಲದ ಗಂಡಸೊಬ್ಬ ಮನೆಯ ಹುಡುಗಿಯನ್ನು ವಿಚಾರಿಸಿ ಫೋನು ಮಾಡುವುದು ಒಂದೇ ಕಾರಣಕ್ಕೆ. ಮೋಹಿನಿಗೆ ಸಂಬಂಧ ನೋಡುತ್ತಿದ್ದ ವರ್ಷಗಳಲ್ಲಿ ಅಂಥ ಎಷ್ಟೋ ಫೋನುಗಳಿಗೆ ಅವರು ಇದೇ ಉತ್ತರ ಕೊಟ್ಟಿದ್ದರು. ಹುಡುಗಿ ಹೋಟೆಲಿನಲ್ಲಿ ದುಡಿಯುತ್ತಾಳೆ ಎಂದರೆ ಸಂಬಂಧ ಹಿಂದೆ ಸರಿಯುತ್ತದೆ. ಸುಮ್ಮನೆ ಬಂದು ಕೂರುತ್ತಾಳೆ ಎಂದರೆ ಮನೆಗೆ ಗೌರವ. ಸಂಬಂಧಗಳು ಹೇಗೂ ಕೂಡಿಬರಲಿಲ್ಲ, ಉತ್ತರ ಮಾತ್ರ ಬಾಯಿಪಾಠವಾಗಿ ಉಳಿಯಿತು. ಕಾಲೇಜಿನಿಂದ ಫೋನು ಬರುತ್ತದೆ, ಹೀಗೆ ಹೀಗೆ ಹೇಳಬೇಕು ಎಂದು ಮೋಹಿನಿ ಹಿಂದಿನ ದಿನವೇ ಬಿಡಿಸಿ ಹೇಳಿದ್ದಳು. ಶೆಟ್ಟರು ಹಾಲಿನವನ ಜೊತೆ ಜಗಳವಾಡುತ್ತ "ಆಯ್ತಾಯ್ತು" ಎಂದಿದ್ದರು.

ಅವಳು ಬಿ.ಕಾಂ. ಮುಗಿಸಿ ಕಾರ್ಕಳದಿಂದ ಬಂದದ್ದು ನಾಲ್ಕು ದಿನ ಇದ್ದು ಹೋಗುವುದಕ್ಕೆ. ಆಗ ಮಾವನ ಕಾಲು ಮುರಿದಿತ್ತು, ಗಲ್ಲಾದಲ್ಲಿ ಕೂರಲು ನಂಬುವ ಜನ ಬೇಕಿತ್ತು. ಕಾಲು ಸರಿಯಾಯಿತು. ಕುರ್ಚಿ ಅವಳನ್ನು ಬಿಡಲಿಲ್ಲ. ಮಾವ ಸಂಘದ ಮೀಟಿಂಗು, ಭಜನೆ, ಊರಿನವರ ಮದುವೆ ಎಂದು ತಿರುಗತೊಡಗಿದರು. ತರಕಾರಿಯವನಿಂದ ಹಿಡಿದು ಮುನಿಸಿಪಾಲಿಟಿಯವರ ತನಕ, ಅಡುಗೆಭಟ್ಟರ ಜಗಳದಿಂದ ಹಿಡಿದು ಕೆಟ್ಟ ಗ್ರೈಂಡರಿನ ತನಕ, ಎಲ್ಲ ಅವಳ ತಲೆಗೇ ಬಂತು. ಕೈಖರ್ಚಿಗೆ ಬೇಕಾದಷ್ಟು ತೆಗೆದುಕೋ ಎಂದಿದ್ದರು ಮಾವ, ಅವಳು ತೆಗೆದುಕೊಂಡದ್ದು ಕಡಿಮೆ. ಸಂಬಳ ಎಂಬ ಹೆಸರಿನಲ್ಲಿ ಒಂದು ಕಾಸೂ ಅವಳ ಬ್ಯಾಂಕಿಗೆ ಬಂದದ್ದಿಲ್ಲ.

ಅವಳ ಆಸೆ ಏನು ಮಹಾ? ಒಂದು ಕಂಪನಿ, ಒಂದು ಮೇಜು, ತಿಂಗಳ ಕೊನೆಗೆ ತನ್ನ ಹೆಸರಿಗೆ ಬರುವ ಸಂಬಳ. ಅದಕ್ಕೆ ಎಂಬಿಎ ಬೇಕು. ಎಂಬಿಎಗೆ ಪ್ರವೇಶ ಪರೀಕ್ಷೆ ಬೇಕು. ಒಂದು ವರ್ಷ ಬರೆದೂ ಬಂದಳು. ಎರಡು ನಲ್ಲಿ ತೆರೆದು ಒಂದು ತೂತಿದ್ದರೆ ತೊಟ್ಟಿ ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ಕೇಳಿದ್ದರಂತೆ. ದಿನವಿಡೀ ನಿಂತ ಕಾಲಿನವಳಿಗೆ ರಾತ್ರಿ ಪುಸ್ತಕ ತೆರೆದರೆ ಕಣ್ಣು ಮುಚ್ಚುತ್ತಿತ್ತು, ಬಂದ ಮಾರ್ಕು ಯಾರಿಗೂ ಹೇಳುವಂತಿರಲಿಲ್ಲ. ಆಮೇಲೆ ದಿನಾ ತಿಂಡಿಗೆ ಬರುವ ಹರಿಣಿ ಒಂದು ಸುದ್ದಿ ಕೊಟ್ಟಳು. ಅವಳು ದಾದರಿನ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಶನಿವಾರ ಭಾನುವಾರ ಮಾತ್ರ ಕ್ಲಾಸು. ಟೆಸ್ಟಿನ ಮಾರ್ಕೂ ಕೇಳುವುದಿಲ್ಲ. ವ್ಯವಹಾರ ನಡೆಸಿದ ಅನುಭವ ಇದ್ದು, ಮಾಲೀಕರು ಹೌದು ಎಂದರೆ ಸಾಕು. ಅನುಭವವೇ ಸಾಕೆಂದರೆ ತನ್ನಷ್ಟು ಯೋಗ್ಯರು ಯಾರು ಎಂದು ಮೋಹಿನಿ ಆ ದಿನ ಒಬ್ಬಳೇ ನಕ್ಕು ಫಾರ್ಮು ತುಂಬಿದ್ದಳು.

"ಮಾವ, ಅದು ಸಂಬಂಧದ ಫೋನಲ್ಲ. ನಾನು ಇಲ್ಲಿ ದುಡೀತೇನೆ ಅಂತ ನೀವು ಹೇಳಿದ್ರೆ ಮಾತ್ರ ನನಗೆ ಸೀಟು."

ಶೆಟ್ಟರ ಮುಖ ಸಣ್ಣದಾಯಿತು. "ಛೆ. ಮೊದಲೇ ಹೇಳ್ಬಾರ್ದಾ?"

"ನಿನ್ನೆ ಹೇಳಿದ್ದೆ."

"ಆಯ್ತು, ಅದಕ್ಕೆಂತ. ನಾಳೆ ನಾನೇ ಹೋಗಿ ಹೇಳಿ ಬರ್ತೇನೆ. ಫೋನಲ್ಲಿ ಎಂಥ ಮಾತು."

ಮರುದಿನ ಅವರು ಸಂಘದ ವಾರ್ಷಿಕೋತ್ಸವಕ್ಕೆ ಹಾಕುವ ಬಿಳಿ ಶರ್ಟು ಹಾಕಿ, ಮೈಸೂರು ಪಾಕಿನ ಡಬ್ಬಿ ಹಿಡಿದು ದಾದರಿಗೆ ಹೊರಟರು. ಮೋಹಿನಿಗೆ ಆ ದಿನ ಎಲ್ಲರ ಮೇಲೂ ಪ್ರೀತಿ ಬಂತು. ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದ ಭಟ್ಟರನ್ನೂ ಬೈಯಲಿಲ್ಲ. ಬಾಗಿಲಿನ ಕಡೆ ನೋಡಬಾರದು ಎಂದುಕೊಂಡೇ ನೋಡುತ್ತಿದ್ದಳು.

ಮಾವ ಟ್ಯಾಕ್ಸಿಯಿಂದ ಇಳಿದರು. ಮುಖದಲ್ಲಿ ಗೆಲುವಿತ್ತು.

"ಆಯ್ತು ಮಾರಾಯ್ತಿ. ಒಳ್ಳೆ ಜನ. ಸೀಟು ಆದ ಹಾಗೆಯೇ. ಇಂಟರ್‌ವ್ಯೂ ಒಂದು ಹೆಸರಿಗೆ ಅಂತೆ."

"ನಿಜವಾ ಮಾವ?" ಅವಳ ಕಣ್ಣು ತುಂಬಿತು.

"ಮನೀಶನಿಗೆ ಹೇಳ್ಬೇಕು ಈಗಲೇ. ಎದ್ದಿದ್ದಾನೋ ಇಲ್ವೋ," ಎಂದು ಮಾವ ಮಗನ ನಂಬರು ಹುಡುಕತೊಡಗಿದರು.

"ಮನೀಶನಿಗೆ ಯಾಕೆ?"

"ಸೀಟು ಅವನಿಗಲ್ವಾ." ಶೆಟ್ಟರು ನೀರು ಕುಡಿದು ಲೋಟ ಇಟ್ಟರು. "ನೋಡು, ನಿನ್ನೆ ಇಲ್ಲ ಅಂದು ಇವತ್ತು ಹೌದು ಅಂದ್ರೆ ನನ್ನ ಮಾತಿಗೆ ಬೆಲೆ ಉಂಟಾ? ಮತ್ತೆ ಅವರಿಗೆ ಕಾಗದ ಬೇಕಂತೆ. ನಿನ್ನ ಹೆಸರು ಎಲ್ಲಿಯೂ ಇಲ್ಲ. ಹೋಟೆಲಿನ ಕಾಗದದಲ್ಲಿ ಮನೀಶ ಪಾರ್ಟ್ನರ್ ಅಂತ ಉಂಟಲ್ಲ, ಇನ್‌ಕಮ್ ಟ್ಯಾಕ್ಸ್ ವಕೀಲ ಹೇಳಿದ ಅಂತ ಹಾಕಿಸಿದ್ದು. ಅಷ್ಟು ಸಾಕಂತೆ. ಪಾಪದವ, ಟೆಸ್ಟ್ ಬರೆದೂ ಬರೆದೂ ಸೋತು ಮಲಗಿದ್ದಾನೆ. ಟೆಸ್ಟೇ ಬೇಡ ಅಂದ್ರೆ ಇನ್ನೇನು? ಒಳ್ಳೆ ದಾರಿ ತೋರಿಸಿದಿ ನೀನು."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಈ ಪೂಜಾರಿ ಕೊಟ್ಟಿದ್ದ, ತನ್ನ ಮಗನಿಗೆ.

"ಇಷ್ಟು ವರ್ಷ ನಾನು ಇಲ್ಲಿ ಮಾಡಿದ್ದು ಎಂತ ಮಾವ?"

"ಇದೆಂಥ ಪ್ರಶ್ನೆ?" ಅವರಿಗೆ ನಿಜವಾಗಿಯೂ ನೋವಾಯಿತು. "ನಮ್ಮದೇ ಅಲ್ವಾ ಇದು? ನಿನ್ನ ಮನೆ ಅಲ್ವಾ? ಸ್ವಂತ ಮನೇಲಿ ಮಾಡಿದ್ದನ್ನು ಕೆಲಸ ಅಂತಾರಾ? ಅವ ಕಲಿತು ಬಂದ್ರೆ ನಿನಗೇ ಭಾರ ಕಡಿಮೆ."

ಅವರ ಜನರಲ್ಲಿ ಹಿಂದೆ ಮನೆ-ಆಸ್ತಿ ಹೋಗುತ್ತಿದ್ದುದು ಅಕ್ಕತಂಗಿಯರ ಮಕ್ಕಳಿಗೆ. ಆ ಅಳಿಯಕಟ್ಟಿನ ಹೆಚ್ಚುಗಾರಿಕೆಯನ್ನು ಶೆಟ್ಟರು ಸಂಘದ ವೇದಿಕೆಯ ಮೇಲೆ ಕೈಯೆತ್ತಿ ಹೊಗಳುತ್ತಿದ್ದರು. ಸಹಿ ಹಾಕುವಾಗ ಮಾತ್ರ ಅವರದು ಸ್ವಂತ ಮಕ್ಕಳಿಗೆ ಕೊಡುವ ಸರ್ಕಾರದ ಕಾನೂನು. ಮೋಹಿನಿ ಇದನ್ನು ಬಾಯಿಬಿಟ್ಟು ಹೇಳಬಹುದಿತ್ತು. ಅಷ್ಟರಲ್ಲಿ ಊಟದ ಜನ ಬಂದರು.

ಮಾರನೆಯ ಬೆಳಿಗ್ಗೆ ಹರಿಣಿ ಇಡ್ಲಿ ತಿನ್ನುತ್ತ ತಲೆ ಎತ್ತಲಿಲ್ಲ. ಕೈ ತೊಳೆದು ಗಲ್ಲಾದ ಹತ್ತಿರ ಬಂದಳು.

"ಅಕ್ಕ, ನಿಮ್ಮ ಫಾರ್ಮ್ ರಿಜೆಕ್ಟ್ ಆಯ್ತು. ನಿಮ್ಮ ಸೇಟ್ ಖುದ್ದು ಬಂದು ಬೋಲಾ, ನೀವು ಸ್ಟಾಫ್ ಅಲ್ಲ ಅಂತ. ನಾನು ಕ್ಯಾ ಮಾಡಲಿ."

"ನೀವೆಂತ ಮಾಡ್ತೀರಿ."

"ನೆಕ್ಸ್ಟ್ ಇಯರ್ ಟೆಸ್ಟ್ ಕೊಡಿ ನಾ."

ಮೋಹಿನಿ ಬಾಕಿ ಚಿಲ್ಲರೆ ಕೊಟ್ಟಳು.

ಹರಿಣಿ ಹೋದ ಸ್ವಲ್ಪ ಹೊತ್ತಿಗೆ ಮನೀಶ ಬಂದ. ತಲೆ ಇನ್ನೂ ಒದ್ದೆ. ಕೆಟ್ಟ ಹುಡುಗನಲ್ಲ, ಅದೇ ಕಷ್ಟ. ಕೆಟ್ಟವನಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಸ್ಟೂಲು ಎಳೆದು ಅವಳ ಪಕ್ಕ ಕೂತ.

"ಅಕ್ಕ, ಇಂಟರ್‌ವ್ಯೂನಲ್ಲಿ ಪೂಛೇಂಗೆ, ಕಷ್ಟದ ಟೈಮಲ್ಲಿ ಬಿಸಿನೆಸ್ ಹೇಗೆ ಹ್ಯಾಂಡಲ್ ಮಾಡಿದ್ದು ಅಂತ. ಲಾಕ್‌ಡೌನ್‌ದು ಹೇಳು ನಾ."

"ಆಗ ನೀನು ಎಲ್ಲಿದ್ದಿ?"

"ಕಾಂದಿವಲಿಯಲ್ಲಿ, ಅಜ್ಜಿ ಮನೇಲಿ. ಗೊತ್ತುಂಟಲ್ಲ ನಿಂಗೆ." ಅವನಿಗೆ ನಾಚಿಕೆಯೂ ಆಗಲಿಲ್ಲ, ಅಳುಕೂ ಇಲ್ಲ. ಫೋನಿನಲ್ಲಿ ಬರೆದುಕೊಳ್ಳಲು ಸಿದ್ಧನಾಗಿ ಅವಳ ಮುಖ ನೋಡುತ್ತಿದ್ದ.

ಹೇಳಬಾರದಿತ್ತು. ಹೋಗು, ನಿನ್ನಪ್ಪನನ್ನು ಕೇಳು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಇಷ್ಟು ವರ್ಷಗಳಲ್ಲಿ, ಆ ದಿನಗಳನ್ನು ಹೇಗೆ ದಾಟಿದೆ ಎಂದು ಅವಳನ್ನು ಕೂರಿಸಿ ಕೇಳಿದವನು ಇವನೊಬ್ಬನೇ. ಮೋಹಿನಿ ಹೇಳತೊಡಗಿದಳು. ಹೋಟೆಲು ಮುಚ್ಚಿದಾಗ ಊರಿಗೆ ಹೋಗಲಾಗದೆ ಉಳಿದ ಹುಡುಗರು, ಅವರಿಗೆ ಗಂಜಿಯ ಚಿಂತೆ, ಆಸ್ಪತ್ರೆಯ ನರ್ಸುಗಳಿಗೆ ಊಟವಿಲ್ಲ ಎಂದು ಕೇಳಿ ಅವಳೇ ಗೇಟಿನ ಎದುರು ಹೋಗಿ ನಿಂತದ್ದು, ಅನ್ನ-ಸಾರಿನ ಡಬ್ಬಿ ಶುರುಮಾಡಿದ್ದು, ಭಟ್ಟರಿಗೆ ಜ್ವರ ಬಂದಾಗ ಅವಳೇ ಒಲೆ ಮುಂದೆ ನಿಂತದ್ದು. ಹೇಳುತ್ತ ಹೇಳುತ್ತ ಅವಳ ದನಿಗೆ ಬಲ ಬಂತು. ಹೌದು, ಇದನ್ನೆಲ್ಲ ಮಾಡಿದವಳು ನಾನು ಎಂದು ಅವಳಿಗೇ ಅನಿಸಿತು.

"ಸಾಲಿಡ್ ಹೈ ಯಾರ್," ಎಂದು ಮನೀಶ ಎದ್ದು ನಿಂತ. "ಸುನ್, ಸರಿ ಉಂಟಾ ನೋಡು. ಹೋಟೆಲ್ ಬಂದ್ ಆದಾಗ ನಾನು ಹೆದರಲಿಲ್ಲ. ನಾನು ಹಾಸ್ಪಿಟಲ್‌ಗೆ ಫೋನ್ ಮಾಡಿ ಆರ್ಡರ್ ತಗೊಂಡೆ."

"ಫೋನಲ್ಲ. ಹೋಗಿ ನಿಂತದ್ದು."

"ಓಕೆ. ನಾನು ಹೋಗಿ ಗೇಟ್‌ನಲ್ಲಿ ನಿಂತೆ."

"ಮೂರು ದಿನ ಒಳಗೆ ಬಿಡಲಿಲ್ಲ. ಅದನ್ನೂ ಹೇಳು," ಎಂದಳು ಮೋಹಿನಿ.

ಶೆಟ್ಟರು ಒಳಗಿನಿಂದ ಬಂದು ಮಗನನ್ನು ನೋಡಿ ಹಿಗ್ಗಿದರು. ಕಾಲೇಜಿನವರಿಗೆ ಕೆಲಸದ ಜಾಗದ ಒಂದು ಫೋಟೋ ಬೇಕಂತೆ, ಈಗಲೇ ತೆಗೆದುಬಿಡುವ ಎಂದರು. ಮೋಹಿನಿ ಗಲ್ಲಾದಿಂದ ಎದ್ದಳು. ಮನೀಶ ಅವಳ ಕುರ್ಚಿಯಲ್ಲಿ ಕೂತ. ಕುರ್ಚಿ ಅವನಿಗೆ ತಗ್ಗಾಯಿತು, ಮೊಣಕಾಲು ಮೇಜಿಗೆ ಬಡಿಯಿತು, ಕಾಲು ಒಂದು ಪಕ್ಕಕ್ಕೆ ತಿರುಗಿಸಿಕೊಂಡ. ಶೆಟ್ಟರು ತಮ್ಮ ಫೋನನ್ನು ಮೋಹಿನಿಯ ಕೈಗೆ ಕೊಟ್ಟರು. ಅವರಿಗೆ ತೆಗೆಯಲು ಬಾರದು.

ಅವಳು ಬಾಗಿಲ ಕಡೆ ನಿಂತು ಫೋನು ಎತ್ತಿದಳು. ಬೆನ್ನ ಹಿಂದೆ ಬೀದಿಯ ಬಿಸಿಲಿತ್ತು.

"ಸ್ವಲ್ಪ ಆಚೆ ಹೋಗು," ಎಂದರು ಶೆಟ್ಟರು. "ನಿನ್ನ ನೆರಳು ಬೀಳ್ತದೆ ಅವನ ಮೇಲೆ."

ಅವಳು ಒಂದು ಹೆಜ್ಜೆ ಸರಿದಳು.

"ಇನ್ನೂ ಉಂಟು. ಇನ್ನೂ ಆಚೆ."

ಮೆಟ್ಟಿಲಿಳಿದು ಅವಳು ಫುಟ್‌ಪಾತಿನಲ್ಲಿ ನಿಂತಳು. ಸ್ಟೇಷನ್ನಿಗೆ ಓಡುತ್ತಿದ್ದ ಜನ ಅವಳ ಭುಜಕ್ಕೆ ತಾಗಿಕೊಂಡು ಹೋದರು. ಒಳಗೆ ಮನೀಶ ಬೆನ್ನು ನೆಟ್ಟಗೆ ಮಾಡಿ, ಗಲ್ಲಾದ ಮೇಲೆ ಕೈಯಿಟ್ಟು ನಗುತ್ತಿದ್ದ.

"ಈಗ ಸರಿಯಾಯ್ತು. ತೆಗಿ," ಎಂದರು ಮಾವ.