ಗೋಟಿಂಗೆನ್‌ನಲ್ಲಿ ಮಳೆ

ನಮ್ಮ ಹ್ಯಾಂಬರ್ಗ್‌ನಲ್ಲಿ ದುಡ್ಡಿರುವುದು ತಪ್ಪಲ್ಲ, ಅದು ನಾಲ್ಕು ಜನರ ಕಣ್ಣಿಗೆ ಬೀಳುವುದು ತಪ್ಪು. ನನ್ನ ಗಂಡನ ಸೋದರತ್ತೆ ಗೆಜೀನೆ ಈ ಶಾಸ್ತ್ರವನ್ನು ಅರೆದು ಕುಡಿದವರು. ಮೂರು ತಲೆಮಾರಿನಿಂದ ಕಾಫಿ ವ್ಯಾಪಾರದ ಮನೆತನ, ಬಂದರಿನಲ್ಲಿ ಸ್ವಂತ ಗೋದಾಮುಗಳು. ಆದರೂ ಅತ್ತೆಯ ಮಳೆಕೋಟಿನ ಮೊಣಕೈಗೆ ತೇಪೆ, ರೈಲಿನಲ್ಲಿ ಸದಾ ಎರಡನೇ ದರ್ಜೆ, ಮಡಿಲಲ್ಲಿ ಮನೆಯಿಂದಲೇ ಕಟ್ಟಿ ತಂದ ಮೊಟ್ಟೆ ಬ್ರೆಡ್ಡು.

ನಾನು ಬಿಲ್ಲಾ, ಕಲೋನ್ ಕಡೆಯವಳು. ನಮ್ಮವರು ಕಾರ್ನಿವಲ್ ಬಂತೆಂದರೆ ಸಾಲ ಮಾಡಿಯಾದರೂ ಮಿರಮಿರ ಮಿಂಚುವ ಬಟ್ಟೆ ತೊಟ್ಟು ಬೀದಿಯಲ್ಲಿ ಕುಣಿಯುವ ಜನ. ಮದುವೆಯಾಗಿ ಬಂದು ಹನ್ನೊಂದು ವರ್ಷವಾದರೂ ಅತ್ತೆಯ ಬಳಗದ ಹೆಂಗಸರು ನನ್ನನ್ನು ಕಂಡಾಗ ಮುಗುಳ್ನಗುತ್ತಾರೆಯೇ ಹೊರತು ಚಹಕ್ಕೆ ಕರೆದದ್ದಿಲ್ಲ. ಅದಕ್ಕೆ ಒಂದು ಕಾರಣ ನನ್ನ ಗಂಡ ಹೆನ್ನಿಂಗ್ ಕೊಂಡ ವಿಮಾನ. ಇನ್ನೊಂದು ನನ್ನ ಬಾಯಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಅನ್ನುತ್ತಾರಲ್ಲ, ಇಲ್ಲಿ ಒದೆಯುವುದೂ ಇಲ್ಲ, ಬರೀ ಹವಾಮಾನದ ಮಾತು ತೆಗೆಯುತ್ತಾರೆ.

ಆ ಜನವರಿಯಲ್ಲಿ ಅತ್ತೆ ಮಂಡಿ ನೋವಿನ ಆರೈಕೆಗೆಂದು ಸ್ವಿಸ್ ಬೆಟ್ಟದ ನಮ್ಮ ಮನೆಗೆ ಬಂದಿದ್ದರು. ರೈಲಿನಲ್ಲಿ ಎಂದು ಬೇರೆ ಹೇಳಬೇಕಿಲ್ಲ. ಶುಕ್ರವಾರ ನಾಲ್ಕು ಗಂಟೆಗೆ ಅವರು ಹ್ಯಾಂಬರ್ಗ್‌ನಲ್ಲಿ ಇರಲೇಬೇಕಿತ್ತು. ಅಲ್ಸ್ಟರ್ ಕೆರೆಯ ದಂಡೆಯಲ್ಲಿ, ಹಡಗಿಗೆ ಹೋಗಿ ಹಿಂದಿರುಗದ ನಾವಿಕರ ವಿಧವೆಯರಿಗೆಂದು ಒಂದು ಹಳೆಯ ಮನೆಯಿದೆ. ಅತ್ತೆ ಅಲ್ಲಿ ವರ್ಷಗಟ್ಟಲೆ ಆಲೂಗಡ್ಡೆ ಸುಲಿದಿದ್ದಾರೆ, ಮುದುಕಿಯರ ಕಾಲಿನ ಉಗುರು ಕತ್ತರಿಸಿದ್ದಾರೆ. ಅದರ ಅಧ್ಯಕ್ಷೆ ತೀರಿಕೊಂಡಿದ್ದರು. ಆ ಜಾಗಕ್ಕೆ ಶುಕ್ರವಾರದ ಸಭೆಯಲ್ಲಿ ಆಯ್ಕೆ. ಒಂದು ಕಡೆ ಅತ್ತೆ, ಇನ್ನೊಂದು ಕಡೆ ಒಬ್ಬ ಬ್ಯಾಂಕಿನವನ ಹೆಂಡತಿ. ಆಕೆ ಗೆದ್ದರೆ ಕೆರೆದಂಡೆಯ ಕಟ್ಟಡ ಮಾರಿ, ಮುದುಕಿಯರನ್ನು ಊರಾಚೆಯ ಹೆದ್ದಾರಿ ಪಕ್ಕಕ್ಕೆ ಸಾಗಿಸುವುದು ಖಂಡಿತ. ಸಭೆಗೆ ಬಾರದವರ ಹೆಸರು ಬಿಟ್ಟುಹೋಗುತ್ತದೆಂಬುದು ಅಲ್ಲಿನ ನಿಯಮ.

ಗುರುವಾರ ನೋವಿಗೆ ನುಂಗಿದ ಗುಳಿಗೆ ಅತ್ತೆಯನ್ನು ಚೆನ್ನಾಗಿಯೇ ಮಲಗಿಸಿತು. ಶುಕ್ರವಾರ ಅವರು ಕಣ್ಣು ಬಿಟ್ಟಾಗ ಅವರ ರೈಲು ಕಣಿವೆ ದಾಟಿ ಹೋಗಿಯಾಗಿತ್ತು.

"ಅತ್ತೆ, ವಿಮಾನ ಕೆಳಗೆ ಕಣಿವೆಯಲ್ಲೇ ನಿಂತಿದೆ. ಊಟದ ಹೊತ್ತಿಗೆ ಊರಲ್ಲಿರ್ತೀರಿ," ಎಂದೆ.

"ಅದರಲ್ಲಿ ಹೋಗೋದಕ್ಕಿಂತ ಈ ಬೆಟ್ಟದಿಂದ ಉರುಳಿಕೊಂಡು ಹೋಗ್ತೀನಿ."

"ಉರುಳಿದ್ರೆ ನಾಲ್ಕು ಗಂಟೆಗೆ ಮುಟ್ಟಲ್ಲ."

ಅತ್ತೆ ಹಾಸಿಗೆಯ ಅಂಚಿನಲ್ಲಿ ಕುಳಿತು ಅತ್ತುಬಿಟ್ಟರು. ಅವರು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಅವರ ಮೇಲೆ ಎಷ್ಟೇ ಸಿಟ್ಟಿದ್ದರೂ ಪಕ್ಕದಲ್ಲಿ ಕುಳಿತು ಕರವಸ್ತ್ರ ಕೊಟ್ಟೆ.

"ಥೇಯಾಗೆ ಗೊತ್ತಾದ್ರೆ ಮುಗೀತು ಬಿಲ್ಲಾ," ಎಂದು ಮೂಗೊರೆಸಿಕೊಂಡರು. "ಅವಳು ಕೈ ಎತ್ತಿದ ಕಡೆಗೇ ಉಳಿದವರು ಕೈ ಎತ್ತೋದು. ವಿಮಾನದಲ್ಲಿ ಮೆರ್ಕೊಂಡು ಬಂದವಳಿಗೆ ಬಡ ಹೆಂಗಸರ ಚಿಂತೆ ಏನಿರುತ್ತೆ ಅಂತಾಳೆ. ಸ್ಟೇಷನ್‌ಗೆ ಬೇರೆ ಬರ್ತಾಳೆ, ನನ್ನ ಕರ್ಕೊಂಡು ಹೋಗೋಕೆ."

ಥೇಯಾ ಓವರ್‌ಬೆಕ್ ಅತ್ತೆಯ ಶಾಲೆಯ ಕಾಲದ ಗೆಳತಿ. ಅರವತ್ತು ವರ್ಷದಿಂದ ಇಬ್ಬರೂ, ಯಾರ ಕೋಟು ಹೆಚ್ಚು ಹಳೆಯದು ಎಂದು ಪೈಪೋಟಿ ನಡೆಸುತ್ತ ಬಂದವರು.

"ಹಾಗಾದ್ರೆ ಸ್ಟೇಷನ್‌ನಲ್ಲೇ ಪ್ರತ್ಯಕ್ಷ ಆಗಿ. ಆಕಾಶದಿಂದ ಇಳಿದದ್ದು ಅವರಿಗೆ ಹೇಗೆ ಗೊತ್ತಾಗುತ್ತೆ?" ಎಂದೆ. ನಾನು ತಮಾಷೆಗೆ ಅಂದದ್ದು. ಅತ್ತೆ ತಟ್ಟನೆ ಅಳು ನಿಲ್ಲಿಸಿದರು.

ವಿಮಾನದಲ್ಲಿ ಅವರು ಮೆತ್ತನೆಯ ಬಿಳಿ ಚರ್ಮದ ಕುರ್ಚಿಯ ತುದಿಯಲ್ಲಿ, ಕೋಟು ಬಿಚ್ಚದೆ, ಚೀಲ ಮಡಿಲಲ್ಲಿಟ್ಟುಕೊಂಡು ಕುಳಿತರು. ಪರಿಚಾರಕಿ ಶಾಂಪೇನ್ ತಂದಳು, ಬೇಡ ಎಂದರು. ಹೊಗೆಯಾಡಿಸಿದ ಮೀನು ತಂದಳು, ಅದೂ ಬೇಡ ಎಂದು ಚೀಲದಿಂದ ತಮ್ಮ ಮೊಟ್ಟೆ ಬ್ರೆಡ್ಡು ತೆಗೆದರು. ಎರಡು ತುತ್ತು ತಿಂದು ಮೀನಿನ ತಟ್ಟೆಯತ್ತ ನೋಡಿದರು.

"ಇದನ್ನ ಆಮೇಲೆ ಏನ್ ಮಾಡ್ತಾರೆ?"

"ಬಿಸಾಡ್ತಾರೆ."

"ಅಯ್ಯೋ, ಹಾಳು ಮಾಡಬಾರ್ದಪ್ಪ," ಎಂದು ತಟ್ಟೆಯನ್ನು ಹತ್ತಿರ ಎಳೆದುಕೊಂಡರು. ಶಾಂಪೇನನ್ನೂ ಹಾಳು ಮಾಡಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ನಾನು ಅಷ್ಟು ಹತ್ತಿರದಿಂದ ಎಂದೂ ಕಂಡಿರಲಿಲ್ಲ.

ಹೊಟ್ಟೆ ತಣ್ಣಗಾದ ಮೇಲೆ ಅತ್ತೆ ಸುಳ್ಳಿನ ತಯಾರಿಗೆ ಕುಳಿತರು. ಅಡುಗೆಯನ್ನೂ ಅವರು ಅಷ್ಟೇ ಶ್ರದ್ಧೆಯಿಂದ ಮಾಡುವುದು. ದಾರಿಯ ಊರುಗಳಲ್ಲಿ ಹವಾಮಾನ ಹೇಗಿದೆ ಎಂದು ಪೈಲಟ್‌ನನ್ನು ಕೇಳಿ ತಿಳಿದುಕೊಂಡರು. ಫ್ರೈಬುರ್ಗ್‌ನಲ್ಲಿ ಬಿಸಿಲು, ಕಾಸೆಲ್‌ನಲ್ಲಿ ಮಂಜು, ಗೋಟಿಂಗೆನ್‌ನಲ್ಲಿ ಜೋರು ಮಳೆಗಾಳಿ. ಮೋಡದ ಮೇಲೆ ಕುಳಿತು ಮೂರನ್ನೂ ಬಾಯಿಪಾಠ ಮಾಡಿದರು. ಎದುರು ಸೀಟಿನಲ್ಲಿ ಅಳುವ ಒಂದು ಮಗುವನ್ನೂ ಸೃಷ್ಟಿಸಿದರು.

"ಗಂಡು ಮಗುವೋ ಹೆಣ್ಣು ಮಗುವೋ?" ಎಂದು ಕೆಣಕಿದೆ.

"ಹೆಣ್ಣು. ನಿನ್ನಂಥದ್ದೇ, ಬಾಯಿ ಮುಚ್ಚದ್ದು."

ಹ್ಯಾಂಬರ್ಗ್‌ನಲ್ಲಿ ಹೆನ್ನಿಂಗ್ ಕಳಿಸಿದ ಉದ್ದನೆಯ ಕಪ್ಪು ಕಾರು ವಿಮಾನದ ಬುಡಕ್ಕೇ ಬಂದು ನಿಂತಿತ್ತು. ಅತ್ತೆ ಅದನ್ನು ಶವದ ಗಾಡಿ ನೋಡಿದ ಹಾಗೆ ನೋಡಿ ಬೆನ್ನು ತಿರುಗಿಸಿದರು. ಹಾಳು ಮಂಡಿಯನ್ನು ಎಳೆದುಕೊಂಡು, ಊರೊಳಗಿನ ರೈಲು ಹಿಡಿದು ನಾವು ದೊಡ್ಡ ನಿಲ್ದಾಣಕ್ಕೆ ಬಂದೆವು. ಅಲ್ಲಿ ದೂರದ ರೈಲುಗಳ ಪ್ಲಾಟ್‌ಫಾರ್ಮ್‌ಗೆ ನುಸುಳಿ, ಆಗ ತಾನೇ ಬಂದಿದ್ದ ಯಾವುದೋ ರೈಲಿನ ಜನರ ನಡುವೆ ಬೆರೆತೆವು. ಅತ್ತೆ ಬೇಕೆಂದೇ ಕೂದಲು ಸ್ವಲ್ಪ ಕೆದರಿಕೊಂಡರು. ಮೇಲಕ್ಕೆ ಹೋಗುವ ಯಂತ್ರದ ಮೆಟ್ಟಿಲು ಕೆಟ್ಟು ನಿಂತಿತ್ತು. ಒಂದೊಂದು ಮೆಟ್ಟಿಲಿಗೂ ಹಲ್ಲು ಕಚ್ಚಿ ಹತ್ತಿದರು. ನನ್ನ ಕೈ ಹಿಡಿಯಲಿಲ್ಲ.

ಮೇಲೆ ಥೇಯಾ ನಿಂತಿದ್ದರು. ತೇಪೆಯ ಕೋಟು, ಗಂಡನ ಕಾಲದ ಛತ್ರಿ.

"ಗೆಜೀನೆ! ಬಂದ್ಯಾ?" ಎಂದವರ ದನಿಯಲ್ಲಿ ಎಂಥದೋ ಬೆರಗಿತ್ತು. "ಪ್ರಯಾಣ ಹೇಗಿತ್ತೇ?"

"ಸುಖವಾಗಿತ್ತು ಕಣೇ. ಫ್ರೈಬುರ್ಗ್‌ನಲ್ಲಿ ಬಿಸಿಲು. ಎದುರು ಸೀಟಲ್ಲಿ ಒಂದು ಮಗು ಒಂದೇ ಸಮ ಅಳ್ತಿತ್ತು. ಗೋಟಿಂಗೆನ್‌ನಲ್ಲಿ ಮಾತ್ರ ಏನು ಮಳೆ ಅಂತೀಯಾ! ಆದ್ರೂ ರೈಲು ಒಂದು ನಿಮಿಷ ತಡ ಮಾಡದೆ ಬಂತು ನೋಡು."

ಅಲ್ಲೇ ಎಡವಿದರು. ಈ ದೇಶದಲ್ಲಿ ರೈಲಿನಿಂದ ಇಳಿದವರು ಮೊದಲು ರೈಲನ್ನು ಬಯ್ಯುತ್ತಾರೆ, ಆಮೇಲೆ ಕುಶಲ ಕೇಳುತ್ತಾರೆ. ಹೊಗಳುವವರು ರೈಲು ಹತ್ತಿರುವುದೇ ಇಲ್ಲ. ನನ್ನ ಕಣ್ಣು ಥೇಯಾರ ತಲೆಯ ಮೇಲಿದ್ದ ಫಲಕಕ್ಕೆ ಹೋಯಿತು. ಸ್ವಿಸ್ ಗಡಿಯ ಬಾಸೆಲ್‌ನಿಂದ ಬರಬೇಕಾದ ರೈಲು, ಅಂದರೆ ನಾವು ಇಳಿದೆವೆಂದ ರೈಲೇ, ಹಳಿಯ ಮೇಲೆ ಮರ ಬಿದ್ದದ್ದರಿಂದ ಗೋಟಿಂಗೆನ್‌ನಲ್ಲಿ ನಿಂತಿದೆ, ಯಾವಾಗ ಹೊರಡುವುದೋ ತಿಳಿಯದು ಎಂದು ಅಕ್ಷರಗಳು ಸಾಲಾಗಿ ಹರಿಯುತ್ತಿದ್ದವು. ಅತ್ತೆಯೂ ತಲೆಯೆತ್ತಿ ಓದಿದರು.

ಥೇಯಾ ಅತ್ತೆಯನ್ನು ಬಿಟ್ಟು ನನ್ನ ಕಡೆ ತಿರುಗಿದರು. "ಬಿಲ್ಲಾ, ನೀನು ಯಾವಾಗ್ಲೂ ಇದ್ದದ್ದು ಇದ್ದ ಹಾಗೆ ಹೇಳೋಳು. ನೀನೂ ಜೊತೆಗೇ ಬಂದ್ಯಲ್ಲಮ್ಮ? ರೈಲು ಹೇಗಿತ್ತು?"

ಹನ್ನೊಂದು ವರ್ಷದ ಮುಗುಳ್ನಗೆಗಳ ಲೆಕ್ಕ ತೀರಿಸಲು ಒಂದೇ ಮಾತು ಸಾಕಿತ್ತು. ಅತ್ತೆ ನನ್ನತ್ತ ನೋಡಲಿಲ್ಲ, ಛತ್ರಿಯ ತುದಿಯನ್ನೇ ನೋಡುತ್ತಿದ್ದರು. ನನಗೆ ಕೆರೆದಂಡೆಯ ಕಿಟಕಿಯಲ್ಲಿ ಕುಳಿತು ದೋಣಿ ನೋಡುವ ಮುದುಕಿಯರ ನೆನಪಾಯಿತು.

"ನಾನು ದಾರಿಯುದ್ದಕ್ಕೂ ನಿದ್ದೆ ಹೊಡೆದೆ," ಎಂದೆ. "ಗೋಟಿಂಗೆನ್‌ನಲ್ಲಿ ಮಾತ್ರ ಎಚ್ಚರ ಆಯ್ತು. ಮಳೆ ಅಂದ್ರೆ ಮಳೆ."

ಥೇಯಾ ಛತ್ರಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ಸರಿ, ನಡೀರಿ. ಹೊತ್ತಾಯ್ತು," ಎಂದರು.

ಸಭೆ ನಡೆಯುವಾಗ ನಾನು ವಿಧವೆಯರ ಮನೆಯ ಪಡಸಾಲೆಯಲ್ಲಿ ಉಗುರು ಕಚ್ಚುತ್ತ ಕುಳಿತಿದ್ದೆ. ಬಾಗಿಲು ತೆರೆದು ಮೊದಲು ಹೊರಬಂದವರು ಥೇಯಾ.

"ಗೆಜೀನೆನೇ ಆದಳು. ಮನೆ ಎಲ್ಲೂ ಹೋಗಲ್ಲ," ಎಂದರು.

ನನಗೆ ತಡೆಯಲಾಗಲಿಲ್ಲ. "ನಿಮಗೆ ಗೊತ್ತಿತ್ತಲ್ಲ, ಆದ್ರೂ ಕೈ ಎತ್ತಿದ್ರಾ?"

"ಏನು ಗೊತ್ತಿತ್ತು? ನಂಗೆ ಗೊತ್ತಿರೋದು ಗೋಟಿಂಗೆನ್‌ನಲ್ಲಿ ಮಳೆ ಅಂತ, ಅಷ್ಟೇ." ಪಕ್ಕದಲ್ಲಿ ಕುಳಿತು ದನಿ ತಗ್ಗಿಸಿದರು. "ಆ ಮಂಡಿ ಇಟ್ಕೊಂಡು ಅಷ್ಟೂ ಮೆಟ್ಟಿಲು ಹತ್ತಿ ಬಂದಳಲ್ಲೇ, ದುಡ್ಡು ನಮ್ಮ ಕಣ್ಣಿಗೆ ಬೀಳಬಾರ್ದು ಅಂತ. ಅಷ್ಟು ಮರ್ಯಾದಸ್ಥಳನ್ನ ಬಿಟ್ಟು ಇನ್ಯಾರನ್ನ ಕೂರಿಸಲಿ? ನೀನೂ ಪರವಾಗಿಲ್ಲ ಕಣಮ್ಮ, ಈಗ ನಮ್ಮೂರಿನವಳಾದೆ. ಬುಧವಾರ ಚಹಕ್ಕೆ ಬಾ."

ಹನ್ನೊಂದು ವರ್ಷ ನಿಜ ನುಡಿದು ಸಿಗದ ಚಹ ಒಂದೇ ಸುಳ್ಳಿಗೆ ಸಿಕ್ಕಿತ್ತು. ನಾಚಿಕೆಯಾಗಬೇಕಿತ್ತು. ಸುಳ್ಳೇಕೆ, ಕುಣಿಯುವಷ್ಟು ಸಂತೋಷವಾಯಿತು, ಹಾಗೆ ಸಂತೋಷವಾದದ್ದಕ್ಕೆ ನನ್ನ ಮೇಲೇ ಸಿಟ್ಟೂ ಬಂತು.

ಥೇಯಾ ಎದ್ದು ಎರಡು ಹೆಜ್ಜೆ ಹೋದವರು ತಿರುಗಿ ಬಂದರು. ಪಡಸಾಲೆಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕೋಟಿನ ತೇಪೆ ಸವರಿಕೊಂಡರು.

"ನಿಮ್ಮ ಆ ರೈಲು ಮಾರ್ಚ್‌ನಲ್ಲೂ ಬೆಟ್ಟದ ಕಡೆ ಹೋಗುತ್ತಾ? ನನ್ನ ಮಂಡಿನೂ ಈಚೆಗೆ ಸರಿಯಿಲ್ಲ."

"ಹೋಗುತ್ತೆ."

"ಎರಡನೇ ದರ್ಜೆ ತಾನೇ?"

"ಹೂಂ," ಎಂದೆ, "ಎರಡನೇ ದರ್ಜೆನೇ."